ಭೀಮರಾಯರು ಗುಂಡು ಎತ್ತಿದ್ದು

ಯುದ್ಧದಲ್ಲಿ ಮಡಿದವರ ವೀರಗಲ್ಲು ಎಲ್ಲೇ ಇರಲಿ, ನೋಡಿದ ಕೂಡಲೇ ಗುರುತು ಹಿಡಿಯುತ್ತೇನೆ. ಬಳ್ಳಾರಿ ಕಚೇರಿಯ ಗುಮಾಸ್ತರಲ್ಲಿ ಈ ವಿದ್ಯೆ ಇದ್ದವನು ನಾನೊಬ್ಬನೇ! ಊರಿಗೆ ಹೊಗೆಬಂಡಿ ಬಂದಿತ್ತು, ನಿಜ. ವೀರಗಲ್ಲುಗಳಿದ್ದ ಕಡೆಗೆ ಮಾತ್ರ ಅದು ಹೋಗುತ್ತಿರಲಿಲ್ಲ. ಹಾಗಾಗಿ ರಜೆ ಸಿಕ್ಕಾಗ ಹೆಂಡತಿ ತುಂಗಾಬಾಯಿಯನ್ನು ಕಮಾನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ಮೊದಲು ಕುರುಗೋಡಿನ ಗೆಳೆಯ ಹುಸೇನಸಾಬ, ಆಮೇಲೆ ಸಿರುಗುಪ್ಪದ ಗೆಳೆಯ ವೆಂಕೋಬ. ಈ ವೆಂಕೋಬ ಹುಡುಗನಾಗಿದ್ದಾಗಿನಿಂದಲೂ ನನ್ನ ವಿದ್ಯೆಯನ್ನು ಕಂಡು ನಕ್ಕವನು. ಈ ಸಲ ನನ್ನ ಹೆಂಡತಿಯ ಬಾಯಿಂದಲೇ ನನ್ನನ್ನು ಹೊಗಳಿಸಿ ಅವನ ಬಾಯಿ ಮುಚ್ಚಿಸಬೇಕೆಂಬುದು ನನ್ನ ಘನ ಸಂಕಲ್ಪ.

ಕುರುಗೋಡಿನಲ್ಲಿ ಎಲ್ಲವೂ ಸುಸೂತ್ರ. ಹುಸೇನಸಾಬ ಮಾವಿನಹಣ್ಣು ತಿನ್ನಿಸಿ, ತಾನೂ ಗಾಡಿ ಹತ್ತಿದ. ಊರಾಚೆಯ ವೀರಗಲ್ಲಿನ ಮುಂದೆ ನಾನು ಉಪನ್ಯಾಸಕ್ಕೆ ನಿಂತೆ.

“ನೋಡು, ಕೆಳಗ ಯುದ್ಧ. ನಡುವ ಸತ್ತ ವೀರನ್ನ ಅಪ್ಸರೆಯರು ಕರಕೊಂಡು ಹೊಂಟಾರ. ಮ್ಯಾಲ ಕೈಲಾಸ.”

“ಎರಡೂ ಕಡಿ ಅಪ್ಸರೆಯರು! ಅವನ ಹೆಂಡ್ತಿ ಎಲ್ಲಿ ಅದಾಳ್ರೀ?” ಎಂದಳು ತುಂಗಾಬಾಯಿ.

ನಾನು ಗಡಬಡಿಸಿ ಎಲ್ಲರನ್ನೂ ಗಾಡಿ ಹತ್ತಿಸಿದೆ. ಗಾಡಿ ಮುಂದೆ ಸಾಗಿತು.

ಸಿರುಗುಪ್ಪ ಇನ್ನೇನು ಬಂತು ಎನ್ನುವಾಗ ಒಂದು ಹಳ್ಳಿಯ ಬೇವಿನ ಮರದ ಕೆಳಗೆ ದುಂಡನೆಯ ಕಲ್ಲು ಕಂಡಿತು. ಅರಿಶಿನ, ಕುಂಕುಮ, ಹೂವು! ಗಾಡಿ ನಿಲ್ಲಿಸಿದೆ.

“ರಾಯರ, ಇದರಾಗ ಯುದ್ಧನೂ ಇಲ್ಲ, ಅಪ್ಸರೆಯರೂ ಇಲ್ಲ,” ಎಂದ ಹುಸೇನಸಾಬ.

“ಬಾಳ ಹಳೀದು. ಚಿತ್ರ ಸವದು ಹೋಗ್ಯಾವು!” ಎಂದೆ.

ಕಾಯಿ ಒಡೆದೆ. ಭಕ್ತಿ ಉಕ್ಕಿತು. ಮಂಡಿಯೂರಿ ಕಲ್ಲನ್ನು ತಬ್ಬಿಕೊಂಡೆ. ಎಲ್ಲಿಂದಲೋ ಹಲಗೆ ವಾದ್ಯ ಬಾರಿಸುವ ಸದ್ದು ಎದ್ದಿತು! ಊರಿಗೆ ಊರೇ ಓಡಿಬಂತು.

“ಭಲೇ ಪೈಲ್ವಾನ್ರ! ಎತ್ರಿ!” ಎಂದ ಊರ ಗೌಡ.

“ಏನು ಎತ್ತಲಿ?”

“ಗುಂಡು! ಹಬ್ಬಕ್ಕ ನಮ್ಮ ಹುಡುಗರು ಎತ್ತೋ ಗುಂಡು. ಕಾಯಿ ಒಡದು ಅಪ್ಪಿಕೊಂಡವ್ರು ಎತ್ತಬೇಕ್ರಿ. ನಮ್ಮೂರ ಪದ್ಧತಿ ಐತಿ.”

ಹೆಂಡತಿ ನೋಡುತ್ತಿದ್ದಳು. ಕಚ್ಚೆ ಬಿಗಿದೆ. ಉಸಿರು ಹಿಡಿದೆ. ಎತ್ತಿದೆ! ಕಲ್ಲು ಇದ್ದಲ್ಲೇ ಇತ್ತು. ನಾನು ಅಂಗಾತ ಬಿದ್ದಿದ್ದೆ.

“ಪೈಲ್ವಾನ್ರ ಹೆಸರೇನ್ರಿ?” ಎಂದ ಗೌಡ.

ಭೀಮರಾಯ ಎಂದು ಯಾವ ಬಾಯಿಂದ ಹೇಳಲಿ! ಹಲ್ಲು ಕಿಸಿದೆ. ಹೆಂಡತಿಯ ಭಯವಿರಲಿಲ್ಲ, ಮದುವೆಯಾದಂದಿನಿಂದ ಅವಳು ಗಂಡನ ಹೆಸರು ಹೇಳಿದವಳೇ ಅಲ್ಲ. ಆದರೆ ಊರ ಹೆಂಗಸರು ಬಿಡಬೇಕಲ್ಲ! “ಒಡಪು ಕಟ್ಟಿ ಗಂಡನ ಹೆಸರು ಹೇಳಬೇ ಯವ್ವಾ!” ಎಂದು ಗಾಡಿಗೆ ಮುತ್ತಿದರು. ಹೀಗೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ತುಂಗಾಬಾಯಿ ಸೆರಗು ಹೊದ್ದು, ನಾಚುತ್ತ ನಾಚುತ್ತ, ಇಡೀ ಊರಿಗೆ ಕೇಳುವಂತೆ ಹೇಳಿದಳು:

“ಬೇವಿನ ನೆಳ್ಳಾಗ ಗುಂಡಿನ ಕಲ್ಲು,
ಭೀಮರಾಯ್ರು ಎತ್ತಾಕ ಹೋಗಿ ಕಿಸದ್ರು ಹಲ್ಲು!”

ಹುಸೇನಸಾಬ ಗಾಡಿಯ ಗಾಲಿ ಹಿಡಿದು ನಕ್ಕ. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಾಲ್ಕು ಜನ ನನ್ನನ್ನು ಎತ್ತಿ ಗಾಡಿಗೆ ಹಾಕಿದರು. ಅದಕ್ಕೂ ಹಲಗೆ ಬಾರಿಸಿದರು!

ಸಿರುಗುಪ್ಪದ ಸಂತೆಗೆ ಹೊರಟಿದ್ದ ಜನ ನಮ್ಮ ಎತ್ತುಗಳಿಗಿಂತ ಚುರುಕು. ನಾವು ತಲುಪುವಷ್ಟರಲ್ಲಿ ವೆಂಕೋಬ ಬಾಗಿಲಲ್ಲಿ ನಿಂತು ಅದೇ ಒಡಪು ಹೇಳಿಯೇ ನಮ್ಮನ್ನು ಬರಮಾಡಿಕೊಂಡ.

“ಎಂಥಾ ಛಲೋ ಒಡಪಲೇ ಭೀಮ್ಯಾ! ಯಾರು ಕಟ್ಟಿದ್ದು?”

“ನನ್ನ ಹೆಂಡ್ತಿ! ಬಾಳ ಶಾಣ್ಯಾಕಿ!” ಎಂದೆ, ನೋಯುವ ಸೊಂಟ ಹಿಡಿದುಕೊಂಡು.

ಅಂತೂ ವೆಂಕೋಬನ ಎದುರು ಹೊಗಳಿಕೆ ನಡೆಯಿತು. ಹೊಗಳಿದವನು ನಾನು!