ಹೆಣ್ಣಾದರೆ ನನಗೆ, ಗಂಡಾದರೆ ನಿನಗೆ

ಅಂಬಾಜಿದುರ್ಗದ ಬುಡದ ಹಳ್ಳಿಯ ಚಿಕ್ಕವೆಂಕಟಮ್ಮನಿಗೆ ಸಹಿಸಲಾಗದ್ದು ಎರಡೇ: ನೀರು ಬೆರೆಸಿದ ಹಾಲು, ಪಕ್ಕದ ಮನೆಯ ವಾರಗಿತ್ತಿ. ಆದರೆ ಟೀವಿ ಇದ್ದದ್ದು ವಾರಗಿತ್ತಿಯ ಮನೆಯಲ್ಲಿ. ಧಾರಾವಾಹಿಯ ಸೊಸೆ ಅಳಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಆಕೆ, "ಅಕ್ಕಾ, ಬಾಗ್ಲತ್ರಾನೇ ಕೂತ್ಕೊಳಿ, ಸಗಣಿ ವಾಸ್ನೆ," ಎನ್ನುತ್ತಿದ್ದಳು. (ಆಕೆಯ ಸಾರಿನ ಮುಂದೆ ಸಗಣಿಯೇ ಸಂಪಿಗೆ.)

ಆ ವರ್ಷ ಆಕೆಯ ಗಂಡ, ಮೈದುನ ಆವಲಪ್ಪ, ದೊಡ್ಡ ಟೀವಿ ತಂದ. ಹಳೆಯದನ್ನು ಕೊಡು ಎಂದರೆ, "ನಿಮ್ಮ ಸೀಮೆಹಸು ಗಬ್ಬ ಅಲ್ವಾ ಅತ್ತಿಗೆ? ಹುಟ್ಟೋ ಕರು ಕೊಡಿ," ಎಂದ.

ಯೋಚಿಸಿ ಹೇಳ್ತೀನಿ ಎಂದು ಚಿಕ್ಕವೆಂಕಟಮ್ಮ ಮನೆಗೆ ಬಂದಳು. ಡೇರಿಗೆ ಹಾಲು ಹಾಕುವ ಮನೆಗೆ ಹೆಣ್ಣುಗರು ಎಂದರೆ ಸಾಕ್ಷಾತ್ ಮಹಾಲಕ್ಷ್ಮಿ. ಗಂಡುಗರು ಎಂದರೆ ತಿಂದು ಮಲಗುವ ನೆಂಟ.

ದಾರಿ ತೋರಿಸಿದವಳು ಮೊಮ್ಮಗಳು ಶಿರೀಷಾ. ಚಿಂತಾಮಣಿಯ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವಳು. ಅಮೆರಿಕದವರ ಆಟದ ಕಥೆಯೆಲ್ಲ ಅವಳಿಗೆ ಬಾಯಿಪಾಠ.

"ಅಲ್ಲಿ ವರ್ಷವರ್ಷ ಹೊಸ ಹುಡುಗರನ್ನ ಆರಿಸ್ಕೊಳ್ಳೋಕೆ ಸರದಿ ಇರುತ್ತೆ ಅಜ್ಜಿ. ಜಾಸ್ತಿ ಸೋತವರಿಗೆ ಮೊದಲ ಸರದಿ. ಒಬ್ಬ ಆಟಗಾರನ್ನ ಈಗ್ಲೇ ತಗೊಂಡು, ಬದಲಿಗೆ ಬರೋ ವರ್ಷದ ಸರದಿ ಕೊಡ್ತೀವಿ ಅಂತಾರೆ."

"ಇನ್ನೂ ಬರದೇ ಇರೋ ಹುಡುಗನ ಮೇಲೆ ವ್ಯಾಪಾರವಾ? ನಮ್ಮ ದನದ ಸಂತೇಲಿ ಹಲ್ಲು ನೋಡ್ದೆ ಹಗ್ಗ ಹಿಡಿಯಲ್ಲ ಕಣೇ!"

"ಕೇಳಜ್ಜಿ. ಆ ಸರದಿ ಮೊದಲ ಮೂರರೊಳಗೆ ಬಂದ್ಬಿಟ್ರೆ ಕೊಡಲ್ಲ, ನಮ್ಮತ್ರಾನೇ ಇಟ್ಕೋತೀವಿ, ಮುಂದಿನ ವರ್ಷ ನೋಡಣ ಅಂತ ಶರತ್ತು ಹಾಕ್ತಾರೆ. ಅದನ್ನ ಉಳಿಸ್ಕೊಳ್ಳೋಕೆ ಕೆಲವರು ಬೇಕಂತಾನೇ ಸೋಲ್ತಾರೆ."

"ಸೋಲೋಕೂ ಸಂಬಳ! ತೂ, ಅವರ ಗಂಡಸ್ತನಕ್ಕಿಷ್ಟು!"

ತೂ ಎಂದವಳು ಮರುದಿನವೇ ಆ ಶರತ್ತನ್ನು ಎತ್ತಿಕೊಂಡು ಆವಲಪ್ಪನ ಜಗಲಿ ಹತ್ತಿದಳು. ಹೆಣ್ಣಾದರೆ ನನಗೆ, ಗಂಡಾದರೆ ನಿನಗೆ. ಹೆಣ್ಣಾಗಿ ನಾನು ಇಟ್ಟುಕೊಂಡರೆ ಮುಂದಿನ ಸೂಲಿಗೆ ನೋಡೋಣ.

ಆವಲಪ್ಪ ಮೀಸೆ ಸವರಿದ. "ಎಷ್ಟು ಸೂಲು ಅಂತ ಕಾಯ್ಲಿ? ಎರಡು ಸಲ ನೋಡಣ. ಮೂರನೇ ಸಲ ಶರತ್ತಿಲ್ಲ, ಏನು ಹುಟ್ಟಿದ್ರೂ ನಂದು."

ಶಿರೀಷಾ ಕಿವಿಯಲ್ಲಿ ಉಸುರಿದಳು: "ಬೇಡಜ್ಜಿ. ಮೂರನೇ ಸಲ ಕರು ಬದಲು ಎರಡು ಕೋಳಿ ಕೊಟ್ಟು ಮುಗಿಸ್ತೀನಿ ಅನ್ನು. ಅಲ್ಲೂ ಹಂಗೇ ಸಣ್ಣಪುಟ್ಟ ಸರದಿ ಕೊಟ್ಟು ಕೈ ತೊಳ್ಕೋತಾರೆ."

"ಮೊಟ್ಟೆ ಇಡೋ ಕೋಳೀನ ಈ ಮುಖಕ್ಕಾ? ನಲವತ್ತು ವರ್ಷ ದನ ಕಟ್ಟಿದೀನಿ. ಒಂದೇ ಹಸು ಸತತ ಮೂರು ಹೆಣ್ಣು ಹಾಕಿದ್ದು ನಾನಂತೂ ಕಂಡಿಲ್ಲ. ಆಗ್ಲಿ ಕಣಪ್ಪ ಆವಲಪ್ಪ, ಒಪ್ಪಿದೆ!"

ಟೀವಿ ಮನೆಗೆ ಬಂತು. ಮೊದಲ ಸೂಲು, ಹೆಣ್ಣು. ಚಿಕ್ಕವೆಂಕಟಮ್ಮ ವಾರಗಿತ್ತಿಗೆ ಕೇಳುವಂತೆ ಗಿಣ್ಣು ಹಂಚಿದಳು. ಎರಡನೆಯದೂ ಹೆಣ್ಣು. ಈ ಸಲ ವಾರಗಿತ್ತಿಯ ಬಾಗಿಲಿಗೇ ಗಿಣ್ಣು ಕಳಿಸಿ, "ನಿಮ್ಮ ಕರು ಇನ್ನೂ ದಾರೀಲಿದೆಯಂತೆ," ಎಂದು ಹೇಳಿಸಿದಳು. ಅಮೆರಿಕದವರು ದಡ್ಡರೇನಲ್ಲ ಎಂದು ಆ ವಾರವೆಲ್ಲ ಹೊಗಳಿದಳು.

ಮೂರನೆಯದಕ್ಕೆ ಗಂಡೇ ಹುಟ್ಟಲಿ ಎಂದು ಗಂಗಮ್ಮನಿಗೆ ಹರಕೆ ಹೊತ್ತಳು. ಹುಟ್ಟಿತು, ಹಣೆಯಲ್ಲಿ ಬಿಳಿ ಬೊಟ್ಟು, ತಾಯಿಯ ಪಡಿಯಚ್ಚು. ಹೆಣ್ಣು. ಮೂರರಲ್ಲಿ ಇಷ್ಟು ಲಕ್ಷಣದ್ದು ಇನ್ನೊಂದಿರಲಿಲ್ಲ. ಮೂರು ತಿಂಗಳು ಹಾಲು ಕುಡಿಸಿ, ಮೈ ತಿಕ್ಕಿ, ಹಗ್ಗ ಸಮೇತ ಆವಲಪ್ಪನ ಕೈಗೆ ಕೊಡಬೇಕಾಯಿತು. ಅದೇ ವಾರ ಹಳೆಯ ಟೀವಿಯ ಪರದೆ ಒಂದು ಬಿಳಿ ಗೆರೆಯಾಗಿ ನಿಂತಿತು.

ಸಂಜೆ ಚಿಕ್ಕವೆಂಕಟಮ್ಮ ಮತ್ತೆ ವಾರಗಿತ್ತಿಯ ಹೊಸಿಲಿಗೆ.

"ಅಲ್ಲೇ ಕೂತ್ಕೊಳಿ ಅಕ್ಕಾ. ನಿಮ್ಮನ್ನ ಕಂಡ್ರೆ ಕರು ಕೂಗುತ್ತೆ, ಧಾರಾವಾಹಿ ಕೇಳ್ಸಲ್ಲ."

ಧಾರಾವಾಹಿಯ ಸೊಸೆ ಅಳುವ ಮೊದಲೇ ಚಿಕ್ಕವೆಂಕಟಮ್ಮ ಎದ್ದು ಬಂದಳು.

"ಹೋಗ್ಲಿ ಬಿಡಜ್ಜಿ," ಎಂದಳು ಶಿರೀಷಾ, "ಕೋಳಿ ಉಳಿದ್ವಲ್ಲ."

ಆ ಮಾತಿಗೆ ಅಜ್ಜಿ ಉರಿದುಹೋಗಿ ಭಾನುವಾರ ಎರಡೂ ಕೋಳಿ ಕೊಯ್ಯಿಸಿ ಸಾರು ಮಾಡಿದಳು. ಕೋಪದಲ್ಲಿ ಒಂದು ಮರೆತಿದ್ದಳು: ಮನೆಯಲ್ಲಿ ಕೋಳಿ ಕೊಯ್ದ ದಿನ ಮೈದುನನನ್ನು ಕರೆಯದೆ ಉಣ್ಣುವ ಪದ್ಧತಿ ಆ ವಂಶದಲ್ಲಿಲ್ಲ.

ಆವಲಪ್ಪ ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆ ಮುರಿದು, ತೊಡೆಯ ತುಂಡನ್ನೇ ಆರಿಸಿಕೊಂಡ.

"ಕರುವೂ ಕೊಟ್ರಿ, ಕೋಳೀನೂ ಕೊಟ್ರಿ! ಎಷ್ಟು ದೊಡ್ಡ ಮನಸ್ಸು ಅತ್ತಿಗೆ ನಿಮ್ದು!"