ನೀರು ಹೊರುವ ತರಬೇತಿಯನ್ನು ಮುಗಿಸಿಕೊಡುವ ಕುರಿತು

ಇಂದ:
ಧನ್ಯಾ ಕೋಂ ರೇಣುಕಾಪ್ರಸಾದ್,
ಸಂಬಳರಹಿತ ಶಿಷ್ಯೆ, ಸೊರಬ.
ತವರು: ಈಸೂರು, ಶಿಕಾರಿಪುರ ತಾಲ್ಲೂಕು.

ಗೆ:
ಬಿಳಿ ಗಡ್ಡದ ಗುರುಗಳು,
ಹಳೇ ಕುಂಗ್ ಫೂ ಹಾಸ್ಯ ಸಿನಿಮಾ ಇಲಾಖೆ,
ಮರದ ಬುಡ, ಬೆಟ್ಟದ ಮೇಲೆ.

ವಿಷಯ: ತರಬೇತಿ ಮುಗಿದಿದೆ ಎಂದು ಘೋಷಿಸುವ ಬಗ್ಗೆ.

ಉಲ್ಲೇಖ: ೧) ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬರುವ ತಮ್ಮ ಸಿನಿಮಾಗಳು.
೨) ಅವನ್ನು ನೋಡಿ ಗಂಡ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರಳ ಗಂಡನಾದ ರೇಣುಕಾಪ್ರಸಾದ್ ಎಂಬುವರು ಸೊರಬದಲ್ಲಿ ಪಂಪು, ಪೈಪು, ಮೋಟಾರಿನ ಅಂಗಡಿ ಇಟ್ಟಿರುತ್ತಾರೆ. ಆದರೆ ಸ್ವಂತ ಹಿತ್ತಲ ಬಾವಿಗೆ ಇಂದಿನವರೆಗೂ ಮೋಟಾರು ಕೂರಿಸಿರುವುದಿಲ್ಲ. ಊರಿಗೆಲ್ಲ ನೀರೆತ್ತಿಸುವ ಪುಣ್ಯಾತ್ಮನ ಮನೆಯಲ್ಲಿ ಸೇದಿ ಹೊರುವವಳು ಅರ್ಜಿದಾರಳು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೋಟಾರು ಕೇಳಿದಾಗ ಬಂದ ಉತ್ತರ ಹೀಗಿದೆ:

"ಆ ಹುಡ್ಗನ್ನ ನೋಡ್ದ್ಯಾ? ಗುರು ಅವನ ಕೈಲಿ ನೀರು ಹೊರ್ಸಿ ಹೊರ್ಸೇ ಅಲ್ವಾ ಶೂರನ್ನ ಮಾಡಿದ್ದು? ನೀನೂ ತರಬೇತಿ ಅನ್ಕೊ."

ಕಾರಣ, ಅರ್ಜಿದಾರಳು ತಮ್ಮ ಸಿನಿಮಾಗಳನ್ನು ಕೂಲಂಕಷವಾಗಿ ಪರಿಶೀಲಿಸಿದ್ದು, ಕಂಡುಬಂದ ಅಂಶಗಳು:

೧. ಸಿನಿಮಾಗಳು ಚೆನ್ನಾಗಿವೆ, ಸುಳ್ಳು ಹೇಳಬಾರದು. ನಾಯಕನು ಸೋಮಾರಿ, ಹೊಟ್ಟೆಬಾಕ. ಬೆಂಚು, ಏಣಿ, ಊಟದ ಬಟ್ಟಲು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡುತ್ತಾನೆ. ಹೊಡೆದ ಮೇಲೆ ತನ್ನ ಕೈಯನ್ನೇ ಉಫ್ ಉಫ್ ಎಂದು ಊದಿಕೊಳ್ಳುತ್ತಾನೆ. ನೋವಾಯಿತೆಂದು ಒಪ್ಪಿಕೊಳ್ಳುವ ಗಂಡಸನ್ನು ಅರ್ಜಿದಾರಳು ಕಂಡಿದ್ದು ಅಲ್ಲೇ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿರುತ್ತಾಳೆ.

೨. ಕೊರತೆಗಳೂ ಇವೆ. ತುಟಿ ನಿಂತ ಮೇಲೂ ಮಾತು ಬರುತ್ತಿರುತ್ತದೆ. ಏಟು ಗಾಳಿಗೆ ಬಿದ್ದರೂ ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಸದ್ದು. ಕಥೆಯನ್ನಂತೂ ಕೇಳಲೇಬಾರದು, ಅಪ್ಪನನ್ನೋ ಗುರುವನ್ನೋ ಯಾರೋ ಕೊಂದಿರುತ್ತಾರೆ. ಹೆಂಗಸರು ಸಾರು ಬಡಿಸಿ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ.

೩. ಹೊಡೆದಾಟದಲ್ಲಿ ಹೋಟೆಲಿನ ಮಡಕೆ, ಬೆಂಚು, ಮೆಟ್ಟಿಲು ಎಲ್ಲ ಪುಡಿಪುಡಿ. ಖಳ ಬಿದ್ದ ಕೂಡಲೇ ಸಿನಿಮಾ ಮುಕ್ತಾಯ. ಆ ಕಸ ಗುಡಿಸುವವರು ಯಾರು? ಈ ಬಗ್ಗೆ ಇಲಾಖೆಯು ಮೌನ ವಹಿಸಿದೆ.

೪. ಮುಖ್ಯ ಅಂಶ. ತಮ್ಮ ಹುಡುಗನ ತರಬೇತಿ ಒಂದು ಹಾಡಿನಷ್ಟು ಹೊತ್ತಿಗೆ ಮುಗಿಯುತ್ತದೆ. ಅರ್ಜಿದಾರಳದ್ದು ಮುಗಿಯುವ ಲಕ್ಷಣವಿಲ್ಲ. ಲ್ಯಾಬ್ ಟೆಕ್ನಿಷಿಯನ್ ಓದಿರುವ ಆಕೆಗೆ ಶಿಕಾರಿಪುರದ ಒಂದು ರಕ್ತಪರೀಕ್ಷೆ ಕೇಂದ್ರದಲ್ಲಿ ಕೆಲಸ ಸಿಕ್ಕಿದ್ದು, ಸೋಮವಾರ ಹಾಜರಾಗದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ಗಂಡನ ಆದೇಶ: "ಮೊದ್ಲು ಮನೇಲಿ ತಾಳ್ಮೆ ಕಲಿ, ಆಮೇಲೆ ನೋಡಣ." ಅಂದು ಅರ್ಜಿದಾರಳು ಬಾವಿಕಟ್ಟೆಯಲ್ಲಿ ಕೂತು ಅತ್ತದ್ದು ನಿಜ. ಸಿಟ್ಟಿಗೆ ಅತ್ತದ್ದು.

೫. ಕಳೆದ ಭಾನುವಾರ ಅತ್ತೆ ನೀಲಾಂಬಿಕ ಅವರೂ ಜೊತೆಗೆ ಸಿನಿಮಾಕ್ಕೆ ಕೂತರು. ಹುಡುಗ ಕೊಡದ ಸಮೇತ ಮೆಟ್ಟಿಲಿಂದ ಉರುಳಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗುರು ಅವನ ಬೆನ್ನು ತಟ್ಟಿ, ತರಬೇತಿ ಮುಗಿಯಿತು ಎಂದಾಗ ಅವರ ನಗು ನಿಂತಿತು.

"ಅಲ್ಲ ಕಣೇ ಧನ್ಯಾ, ನಿಮ್ ಮಾವನೂ ಹಿಂಗೇ ಅಂದಿದ್ರು, ಸ್ವಲ್ಪ ದಿನ ಸುಧಾರ್ಸ್ಕೊ ಅಂತ. ಅವ್ರು ಹೋಗೇಬಿಟ್ರು. ಇನ್ನು ನಂದು ಮುಗೀತು ಅಂತ ಹೇಳೋರ್ ಯಾರು?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಬಂದದ್ದು ಕೊಡ ಮಾತ್ರ.

ಆದ್ದರಿಂದ ಇಬ್ಬರ ತರಬೇತಿಯೂ ಮುಗಿದಿದೆ ಎಂದು ಆದೇಶಿಸಬೇಕಾಗಿ ಕೋರಿಕೆ. ಆದೇಶ ತಡವಾದರೂ ಚಿಂತೆಯಿಲ್ಲ. ಏಸೂರು ಕೊಟ್ಟರೂ ಈಸೂರು ಕೊಡೆವು ಎಂದ ಊರಿನ ಮಗಳು ಸೋಮವಾರದ ಮೊದಲ ಬಸ್ಸು ಹತ್ತುವುದಾಗಿ ತೀರ್ಮಾನಿಸಿರುತ್ತಾಳೆ. ಅದೇ ಬಸ್ಸಿಗೆ ಅತ್ತೆಯವರೂ ಹೊರಟಿದ್ದು, ಬೀಗರ ಮನೆಯಲ್ಲಿ ಒಂದು ವಾರ ಕಾಲು ಚಾಚಿ ಕೂರಲಿದ್ದಾರೆ.

ತಮ್ಮ ವಿಶ್ವಾಸಿ, ಸೋಮವಾರದವರೆಗೆ ಮಾತ್ರ,
ಧನ್ಯಾ

ಸಹ ಅರ್ಜಿದಾರಳು: ನೀಲಾಂಬಿಕ
ತರಬೇತಿ ಆರಂಭ: ಮದುವೆಯಾದ ಮರುದಿನ.

ಅಡಕ:
೧) ಕೆಲಸದ ಪತ್ರ, ನಕಲು.
೨) ತಾಮ್ರದ ಕೊಡ, ಎರಡು, ಅಸಲು.

ಪ್ರತಿ:
ರೇಣುಕಾಪ್ರಸಾದ್ ಅವರಿಗೆ, ಮಾಹಿತಿಗಾಗಿ. ಎರಡನೇ ಅಡಕವನ್ನು ಬಾವಿಕಟ್ಟೆಯ ಮೇಲೆ ಇಡಲಾಗಿದೆ. ಸದರಿಯವರ ತರಬೇತಿ ಸೋಮವಾರ ಬೆಳಿಗ್ಗೆಯಿಂದ ಆರಂಭ. ಕೈ ನೊಂದಲ್ಲಿ ಊದಿಕೊಳ್ಳಲು ಕೋರಿದೆ.