ಮರಳಿನ ಮೇಲೆ ನಾರ್ವೆ

ಪರದೇಶಕ್ಕೆ ಹೋಗಿ ಬಂದವನಿಗೆ ಮೊದಲು ಬೇಕಾಗುವುದು ಸ್ನಾನವೂ ಅಲ್ಲ, ಊಟವೂ ಅಲ್ಲ, ಎರಡು ಕಿವಿಗಳು. ನನ್ನ ದುರದೃಷ್ಟವೆಂದರೆ ಆ ಕಿವಿಗಳು ಸಾಮಾನ್ಯವಾಗಿ ನನ್ನವೇ ಆಗಿರುತ್ತವೆ. ವಿಜಾಪುರದಲ್ಲಿದ್ದಾಗ ಕಾಶಿಗೆ ಹೋಗಿ ಬಂದವರೆಲ್ಲ ನನ್ನನ್ನೇ ಹಿಡಿದು ಕೂಡಿಸುತ್ತಿದ್ದರು. ದೋಹಾಕ್ಕೆ ಬಂದರೆ ಈ ಕಾಟ ತಪ್ಪೀತು, ಇಲ್ಲಿ ಎಲ್ಲರೂ ಪರದೇಶಿಗಳೇ ಅಲ್ಲವೇ ಎಂದುಕೊಂಡಿದ್ದೆ. ಆದರೆ ತೊಂಬತ್ತರ ದಶಕದ ನಡುವಿನಲ್ಲೊಂದು ಚಳಿಗಾಲ ನಮ್ಮ ಕಂಪನಿ ಇದ್ರೀಸನನ್ನು ನಾರ್ವೆಗೆ ಕಳಿಸಿತು.

ಇದ್ರೀಸ್ ಸುಡಾನಿನವನು. ನಾವಿಬ್ಬರೂ ಎಣ್ಣೆಬಾವಿಗಳಿಗೆ ಪಂಪು ಪೂರೈಸುವ ಕಂಪನಿಯಲ್ಲಿ ಎದುರುಬದುರು ಮೇಜಿನ ಎಂಜಿನಿಯರುಗಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಆದರೆ ಆಫೀಸಿನ ಏಸಿ ಸ್ವಲ್ಪ ಜೋರಾದರೂ ಹೆಗಲಿಗೆ ಟವೆಲ್ ಹೊದ್ದುಕೊಳ್ಳುತ್ತಿದ್ದ. ಅಂಥವನಿಗೆ ಜನವರಿಯಲ್ಲಿ ನಾರ್ವೆಯಲ್ಲಿ ತರಬೇತಿ ಎಂದಾಗ ಮುಖ ಬಿಳಚಿಕೊಂಡಿತು. "ಸದೀಕ್, ನೀನು ಹೋಗು. ನಿಮ್ಮ ದೇಶದಲ್ಲಿ ಹಿಮಾಲಯ ಇದೆಯಲ್ಲ!" ಎಂದು ಅಂಗಲಾಚಿದ. ಸದೀಕ್ ಎಂದರೆ ಅವನ ತಾಯ್ನುಡಿ ಅರಬ್ಬಿಯಲ್ಲಿ ಗೆಳೆಯ. ಹಿಮಾಲಯಕ್ಕೂ ವಿಜಾಪುರಕ್ಕೂ ಎಷ್ಟು ದೂರವೆಂದು ನಾನು ಹೇಳಲು ಹೋಗಲಿಲ್ಲ. ಬದಲಾಗಿ ಚಳಿಯ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿ, ನನ್ನ ಕಂದು ಬಣ್ಣದ ಮಂಕಿ ಕ್ಯಾಪನ್ನು ಕೊಟ್ಟು, ಧೈರ್ಯ ತುಂಬಿ ವಿಮಾನ ಹತ್ತಿಸಿದೆ. ಅವನು ಯುದ್ಧಕ್ಕೆ ಹೊರಟವನಂತೆ ನನ್ನನ್ನು ಮೂರು ಸಲ ತಬ್ಬಿಕೊಂಡ.

ಹೋದವನು ಅಳುಮುಖದ ಇದ್ರೀಸ್. ಮಾರ್ಚಿನಲ್ಲಿ ಮರಳಿ ಬಂದವನು ಬೇರೆಯೇ ಮನುಷ್ಯ. ಕೈಯಲ್ಲಿ ಬೆಲ್ಲದಚ್ಚಿನಂಥ ಕಂದು ಚೀಸು, ಕೊರಳಲ್ಲಿ ಕೆಂಪು ಉಣ್ಣೆಯ ಮಫ್ಲರ್, ಹೆಗಲ ಮೇಲೆ ಅವನಿಗಿಂತಲೂ ಉದ್ದದ ಎರಡು ಮರದ ಹಲಗೆ. ಹಿಮದ ಮೇಲೆ ಜಾರುವ ಸ್ಕೀ! ಅವನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಗುಡ್ರುನ್ ಎಂಬ ಅಜ್ಜಿ ತನ್ನ ತೀರಿಹೋದ ಗಂಡನ ಸ್ಕೀಗಳನ್ನು ಉಡುಗೊರೆಯಾಗಿ ಕೊಟ್ಟಿದ್ದಳಂತೆ.

ಅಲ್ಲಿಂದ ನಮ್ಮ ರಜೆಯ ಶುಕ್ರವಾರಗಳು ನಾರ್ವೆಯ ವಶವಾದವು. ಮನ್ಸೂರಾ ಬಡಾವಣೆಯ ನಮ್ಮ ಎರಡು ಕೋಣೆಯ ಫ್ಲಾಟಿಗೆ ಅವನು ಸಂಜೆ ಬಂದವನೇ ದೀಪ ಆರಿಸಿ ಮೂಲೆಮೂಲೆಗೆ ಮೇಣದಬತ್ತಿ ಹಚ್ಚುತ್ತಿದ್ದ. ಹೊರಗೆ ಕತ್ತಲೆಯಿದ್ದಾಗ ಒಳಗೆ ಬೆಚ್ಚಗೆ ಕೂಡುವುದೇ ಅಲ್ಲಿನವರ ಜೀವನದ ಗುಟ್ಟಂತೆ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಗಿರಿಜಾ ಮೊದಲ ದಿನ ಗಾಬರಿಯಾಗಿ, "ಏನ್ರೀ ಇದು, ಕರೆಂಟ್ ಹೋಗೇತೇನು? ನಮ್ಮೂರಿಗೇ ಬಂದಂಗಾತು!" ಅಂದಳು. ಕಂದು ಚೀಸನ್ನು ಜೋಳದ ರೊಟ್ಟಿಯ ಮೇಲಿಟ್ಟು ತಿಂದು ನೋಡಿ, "ಖೋವಾಕ್ಕ ಉಪ್ಪು ಬಿದ್ದಂಗ ಅದ" ಎಂದು ತೀರ್ಪು ಕೊಟ್ಟಳು. ಗುಡ್ರುನ್ ಅವಳ ಬಾಯಲ್ಲಿ ಎರಡೇ ವಾರದಲ್ಲಿ ಗುಂಡವ್ವ ಆದಳು.

ಕಥೆಗಳೇನೋ ಚೆನ್ನಾಗಿದ್ದವು, ಒಪ್ಪಿಕೊಳ್ಳಬೇಕು. ರಮ್ಜಾನ್ ಅವನಿಗೆ ಅಲ್ಲಿಯೇ ಬಂದಿತ್ತು. ಸೂರ್ಯ ಅಲ್ಲಿ ಸರ್ಕಾರಿ ನೌಕರನಂತೆ ತಡವಾಗಿ ಬಂದು ಬೇಗ ಹೋಗುತ್ತಾನಂತೆ. "ಬೆಳಗಿನ ಊಟ ಅರಗುವ ಮೊದಲೇ ಖಲಾಸ್, ಉಪವಾಸ ಮುಗಿಯಿತು! ಅಜ್ಜಿ ಕಿಟಕಿಯಲ್ಲಿ ನಿಂತು ಸೂರ್ಯ ಮುಳುಗಿದ ಕೂಡಲೇ ಸೂಪ್ ತರುತ್ತಿದ್ದಳು" ಎಂದು ಅವನು ಹೇಳಿದ್ದನ್ನು ನಾನು ಕನ್ನಡಿಸಿದಾಗ ಗಿರಿಜಾ, "ನನ್ನ ಏಕಾದಶಿಗೂ ಅಲ್ಲೇ ಒಂದು ಖೋಲಿ ಕೇಳ್ರಿ" ಅಂದಳು.

ಆದರೆ ಒಂದು ಕಥೆಗೆ ನಾವ್ಯಾರೂ ನಗಲಿಲ್ಲ. ಹೋದ ಹೊಸದರಲ್ಲಿ ಅವನು ಮನೆ ನೆನೆದು ಮಂಕಾಗಿ, ವಾಪಸು ಟಿಕೆಟ್ ಕೇಳುವ ಹಂತಕ್ಕೆ ಬಂದಿದ್ದನಂತೆ. ಆಗ ಅಜ್ಜಿ ಅವನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಹಳೆಯ ಕಾಲದ ಕಡಲಿಗರ ಕತ್ತಿ, ದೋಣಿಯ ಮೊಳೆ, ಬಾಚಣಿಗೆ ನೋಡುತ್ತ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಅವನ ಕಾಲು ನಿಂತಿತು. ಅಲ್ಲಿನ ಮಣ್ಣಿನಲ್ಲಿ ಸಿಕ್ಕ, ಸಾವಿರ ವರ್ಷಕ್ಕೂ ಹಳೆಯದಾದ ಬೆಳ್ಳಿಯ ನಾಣ್ಯ. ಮೇಲೆ ಅರಬ್ಬಿ ಅಕ್ಷರ! ಆ ಕಡಲಿಗರು ವ್ಯಾಪಾರದಲ್ಲಿ ಅದನ್ನು ಗಳಿಸಿಕೊಂಡು ಬಂದಿದ್ದರಂತೆ. ಅವನು ತಡವರಿಸುತ್ತ ಅದರ ಮೇಲಿದ್ದ ದೇವರ ಹೆಸರನ್ನು ಗಟ್ಟಿಯಾಗಿ ಓದಿದ. ಸುತ್ತಲಿನವರು ತಿರುಗಿ ನೋಡಿದರು. ಅಜ್ಜಿ ಅವನ ತೋಳು ಹಿಡಿದು, "ಇನ್ನೊಮ್ಮೆ ಓದು" ಎಂದಳು. "ನನಗಿಂತ ಮೊದಲೇ ನನ್ನ ಭಾಷೆ ಅಲ್ಲಿ ಹೋಗಿ ಚಳಿ ತಡೆದುಕೊಂಡು ಕೂತಿತ್ತು, ಸದೀಕ್. ಇನ್ನು ನಾನು ಹೇಗೆ ಓಡಿ ಬರಲಿ?" ಅಂದ. ಮರುದಿನವೇ ಅಜ್ಜಿ ಸ್ಕೀ ಕಲಿಸಲು ಶುರು ಮಾಡಿದಳು. ಬಿದ್ದ, ಎದ್ದ, ಕಲಿತ. ಹೊರಡುವಾಗ ಸ್ಕೀಗಳನ್ನು ಕೊಟ್ಟು, "ಗೋಡೆಗೆ ತೂಗುಹಾಕಬೇಡ, ಇವು ಓಡಾಡಬೇಕು" ಎಂದು ಮಾತು ತೆಗೆದುಕೊಂಡಳಂತೆ.

ಕತಾರಿನಲ್ಲಿ ಹಿಮ ಎಲ್ಲಿಂದ ತರುವುದು? ಇದ್ರೀಸ್ ಈ ಚಿಂತೆಯಲ್ಲಿ ಚಹಾ ಆರಲು ಬಿಟ್ಟು ಕೂತಿದ್ದಾಗ ಗಿರಿಜಾ ಹೇಳಿದಳು: "ಹಿಮ ಇಲ್ಲಂದ್ರ ಉಸುಕು ಇಲ್ಲೇನು? ಊರ ಹೊರಗ ಗುಡ್ಡಗಟ್ಲೆ ಬಿದ್ದದ." ನಾನು ಅನುವಾದಿಸುವ ಮೊದಲೇ ಅವನಿಗೆ ಅರ್ಥವಾಗಿಬಿಟ್ಟಿತು. "ಯಲ್ಲಾ, ಹೊರಡೋಣ!" ಎಂದು ಎದ್ದೇಬಿಟ್ಟ.

ಮುಂದಿನ ಶುಕ್ರವಾರ ಬೆಳಗಿನ ತಂಪಿನಲ್ಲಿ ಅವನ ಜೀಪಿನಲ್ಲಿ ದಕ್ಷಿಣದ ಮರಳುದಿಬ್ಬಗಳಿಗೆ ಹೋದೆವು. ಸ್ಕೀಯ ಅಡಿಗೆ ಮೇಣದಬತ್ತಿ ಉಜ್ಜಿದ ಇದ್ರೀಸ್, ಕಾಲಿಗೆ ಚರ್ಮದ ಪಟ್ಟಿ ಬಿಗಿದು, ದೇವರನ್ನು ನೆನೆದು ಹೊರಟ. ಬಿಳಿ ಜುಬ್ಬಾ ಹಾಯಿಯಂತೆ ಉಬ್ಬಿತು. ಹಿಮದಷ್ಟು ಜಾರದಿದ್ದರೂ ಸರ್ರನೆ ಬುಡ ಮುಟ್ಟಿ, ಕೈ ಮೇಲೆತ್ತಿ, ಆ ಬಯಲಿನಲ್ಲಿ ಒಬ್ಬನೇ ಕೂಗಿದ: "ಗುಡ್ರುನ್!"

ಆಮೇಲೆ ನನ್ನ ಸರದಿ. ಗುರುತ್ವ ಕೇಂದ್ರದ ವಿಷಯ ಎಂಜಿನಿಯರನಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲೆ ನಿಂತು ನಾನೇ ಎಲ್ಲರಿಗೂ ವಿವರಿಸಿದೆ. ಇಳಿಯತೊಡಗಿದ ಕೂಡಲೇ ಸ್ಕೀಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಹೊರಟವು. ನಾನು ನಡುವೆ ಉಳಿದೆ. ಎರಡನೇ ಸಲ ಬೆನ್ನ ಮೇಲೆ ಇಳಿದೆ, ಮೂರನೇ ಸಲ ಎದೆಯ ಮೇಲೆ. ಕಿವಿಯಲ್ಲಿ, ಬಾಯಲ್ಲಿ, ಬನಿಯನ್ನಿನಲ್ಲಿ ಮರಳು.

"ಸರೀರಿ, ನಾ ನೋಡ್ತೀನಿ" ಎಂದ ಗಿರಿಜಾ ಹೊಲಕ್ಕೆ ಹೊರಟವಳಂತೆ ಸೀರೆಯ ಕಚ್ಚೆ ಕಟ್ಟಿದಳು. "ಮೊಣಕಾಲು ಬಾಗಿಸು, ಉಖ್ತಿ, ನನ್ನ ತಂಗೀ!" ಎಂದು ಇದ್ರೀಸ್ ಅರಬ್ಬಿಯಲ್ಲಿ, "ಗೊತ್ತಾತಪಾ, ನೀ ಸರಿ ಅತ್ತಾಗ" ಎಂದು ಇವಳು ವಿಜಾಪುರದ ಕನ್ನಡದಲ್ಲಿ. ಹಸಿರು ಇಳಕಲ್ ಸೀರೆ ದಿಬ್ಬದಿಂದ ಗೆರೆ ಎಳೆದಂತೆ ಇಳಿದುಹೋಯಿತು. ದೂರದಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಒಂದು ಕತಾರಿ ಕುಟುಂಬ ಎದ್ದು ನಿಂತು ಚಪ್ಪಾಳೆ ತಟ್ಟಿತು; ಆ ಮನೆಯ ಅಜ್ಜಿಯೊಬ್ಬಳು ಖರ್ಜೂರ, ಕಹ್ವಾ ಕಾಫಿ ಕಳಿಸಿದಳು. ಗಿರಿಜಾ ಮತ್ತೆ ಮತ್ತೆ ಹತ್ತಿದಳು, ಮತ್ತೆ ಮತ್ತೆ ಇಳಿದಳು. ಮದುವೆಯಾದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಇದ್ರೀಸ್ ಒಂದು ರೋಲು ಫೋಟೋ ತೆಗೆದು, ಎಲ್ಲವನ್ನೂ ನಾರ್ವೆಗೆ ಕಳಿಸಿದ. ಕೆಲವು ವಾರಗಳ ನಂತರ ಅಜ್ಜಿಯ ಉತ್ತರ ಬಂತು. ಅವನು ನಮ್ಮ ಮನೆಯಲ್ಲಿ ಕೂತು ಓದಿ ಹೇಳಿದ. ಸ್ಕೀಗಳು ಓಡಾಡಿದ್ದು ಕಂಡು ಅವಳಿಗೆ ಕಣ್ಣೀರು ಬಂದಿತ್ತಂತೆ. ಹಸಿರು ಸೀರೆಯ ಹೆಂಗಸು ಹುಟ್ಟಾ ನಾರ್ವೆಯವಳ ಹಾಗೆ ಸ್ಕೀಯ ಮೇಲೆ ನಿಂತಿದ್ದಾಳಂತೆ. ಗಿರಿಜಾ ಸೆರಗು ಸರಿಮಾಡಿಕೊಂಡಳು.

"ನನ್ನ ಬಗ್ಗೆ ಏನೂ ಇಲ್ಲವೇ?" ಎಂದು ಕೇಳಿಬಿಟ್ಟೆ.

ಇದ್ರೀಸ್ ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ಕೊನೆಯ ಸಾಲು ಓದಿದ: "ಪ್ರತಿ ಫೋಟೋದಲ್ಲೂ ಮರಳಿನ ಮೇಲೆ ಮಲಗಿ ಮೈಗೆ ಬಿಸಿಲು ಕಾಯಿಸಿಕೊಳ್ಳುತ್ತಿರುವ ಆ ಮಹನೀಯರನ್ನು ಕಂಡು ಹೊಟ್ಟೆಕಿಚ್ಚಾಯಿತು. ಬಾಳುವುದು ಹೇಗೆಂದು ನಿಮ್ಮಲ್ಲಿ ಅವರೊಬ್ಬರಿಗೇ ಗೊತ್ತು."